ಕತ್ತಲಲ್ಲಿ ಬಾಗಿಲು ಹುಡುಕುವ ಮಿದುಳು

ನಮ್ಮ ಹಳೆಯ ಮನೆಯ ಬಚ್ಚಲು ಬಾಗಿಲಿಗೆ ಒಂದು ರೋಗವಿತ್ತು. ಕೊಂಚ ಮೇಲಕ್ಕೆತ್ತಿ ತಳ್ಳದಿದ್ದರೆ ಚಿಲಕ ಬೀಳುತ್ತಿರಲಿಲ್ಲ. 35 ವರ್ಷ ಇದ್ದ ಆ ಮನೆ ಮಾರಿ ಎರಡು ಕೋಣೆಯ ಫ್ಲಾಟಿಗೆ ಬಂದು ಆರು ತಿಂಗಳಾಯಿತು. ಅಮ್ಮ ಈಗಲೂ ಇಲ್ಲಿನ ಹೊಚ್ಚಹೊಸ ಬಾಗಿಲನ್ನು ಎತ್ತಿಯೇ ಚಿಲಕ ಹಾಕುತ್ತಾಳೆ. ರಾತ್ರಿ ಎಚ್ಚರವಾದರೆ ಎಡಕ್ಕೆ ನಾಲ್ಕು ಹೆಜ್ಜೆ ಹೋಗಿ ಬೀರುವಿಗೆ ಹಣೆ ಬಡಿಸಿಕೊಳ್ಳುತ್ತಾಳೆ. ಅಲ್ಲಿ ಬಾಗಿಲಿತ್ತಲ್ಲ!

ಮನೆ ಮಾರಿ ಕಣ್ಣೀರು ಹಾಕಿದವರಿಗೆ ಎರಡು ಬಗೆಯ ಉಪದೇಶ ಪುಕ್ಕಟೆ ಸಿಗುತ್ತದೆ. ನಮ್ಮ ಚಿಕ್ಕಪ್ಪನದು ಮೊದಲನೆಯದು: "ಅತ್ತಿಗೆ, ಇಟ್ಟಿಗೆ ಗಾರೆಗೆ ಯಾರಾದರೂ ಅಳ್ತಾರಾ?" ಎರಡನೆಯದು ವಾಟ್ಸಾಪಿನಲ್ಲಿ ಬಂತು: ಗೋಡೆಗಳು ನಮ್ಮ ನಗು, ಅಳುವಿನ 'ವೈಬ್ರೇಶನ್' ಹೀರಿಕೊಂಡಿರುತ್ತವಂತೆ, ಬಿಟ್ಟು ಹೋದರೆ ಮನೆ ನೊಂದುಕೊಳ್ಳುತ್ತದಂತೆ. ಗೋಡೆ ಹೀರಿಕೊಳ್ಳುವುದು ತೇವವನ್ನು, ಅದು ನಮ್ಮ ಪಡುವಣ ಗೋಡೆಯಲ್ಲಿ ಧಾರಾಳವಾಗಿ ಕಾಣುತ್ತಿತ್ತು. ನನಗೆ ಹೆಚ್ಚು ಸಿಟ್ಟು ಬರಿಸುವುದು ಮಾತ್ರ ಚಿಕ್ಕಪ್ಪನ ಮಾತೇ, ಯಾಕೆಂದರೆ ಅದು ವಿಜ್ಞಾನದ ವೇಷದಲ್ಲಿದೆ. ಮನೆ ಗೋಡೆಯಲ್ಲಷ್ಟೇ ಇರುವುದಿಲ್ಲ. ಅದರ ಇನ್ನೊಂದು ಪ್ರತಿ ತಲೆಯೊಳಗಿದೆ, ನರಕೋಶಗಳಲ್ಲಿ.

1971ರಲ್ಲಿ ಜಾನ್ ಓಕೀಫ್ ಮತ್ತು ಜೊನಾಥನ್ ಡೊಸ್ಟ್ರೋವ್‌ಸ್ಕಿ ಎಂಬ ವಿಜ್ಞಾನಿಗಳು ಇಲಿಯ ಮಿದುಳಿನ ಹಿಪೊಕ್ಯಾಂಪಸ್ ಭಾಗದಲ್ಲಿ ವಿಚಿತ್ರ ಕೋಶಗಳನ್ನು ಕಂಡರು. ಇಲಿ ಒಂದು ಮೂಲೆಗೆ ಬಂದಾಗ ಒಂದು ಕೋಶ ಮಿಡಿಯುತ್ತದೆ, ಇನ್ನೊಂದು ಮೂಲೆಗೆ ಹೋದರೆ ಇನ್ನೊಂದು. ಇವೇ ಸ್ಥಳಕೋಶಗಳು. ಓಕೀಫ್ ಅವರಿಗೆ 2014ರ ನೊಬೆಲ್‌ನಲ್ಲಿ ಪಾಲು ತಂದುಕೊಟ್ಟಿದ್ದು ಇವೇ. ಮಜಾ ಇರುವುದು ಮುಂದೆ. ಇಲಿಯನ್ನು ಪೂರಾ ಬೇರೆಯದೇ ಆದ ಪೆಟ್ಟಿಗೆಗೆ ಹಾಕಿದರೆ ಹಳೆಯ ನಕ್ಷೆ ಹಿಗ್ಗಿ ಕುಗ್ಗಿ ಹೊಂದಿಕೊಳ್ಳುವುದಿಲ್ಲ, ಇಡೀ ನಕ್ಷೆಯೇ ಹೊಸದಾಗಿ ಬರೆಯಲ್ಪಡುತ್ತದೆ. ಹಿಂದೆ ಅಕ್ಕಪಕ್ಕದ ಜಾಗಕ್ಕೆ ಮಿಡಿಯುತ್ತಿದ್ದ ಎರಡು ಕೋಶಗಳಿಗೆ ಈಗ ಪರಸ್ಪರ ಸಂಬಂಧವೇ ಇಲ್ಲದಿರಬಹುದು. ಒಂದು ಸುಮ್ಮನಾಗಿಬಿಡಲೂಬಹುದು. ಅದೇ ನಟರು, ಬೇರೆ ನಾಟಕ. ಅಥವಾ ಹೀಗೆ ನೋಡಿ: ಅವೇ ಅಕ್ಷರಗಳು, ಬೇರೆ ಪದ್ಯ. ಇಸ್ಪೀಟು ಎಲೆ ಕಲಸಿ ಮತ್ತೆ ಹಂಚಿದ ಹಾಗೆ ಅಂದರೂ ಸರಿಯೇ, ಅದೇ ರಾಣಿ ಈಗ ಯಾರ ಕೈಯಲ್ಲೋ. ಹೊಸ ಮನೆಯ ಮೊದಲ ವಾರಗಳಲ್ಲಿ ಆಗುವ ಆ ದಣಿವು ಸಾಮಾನು ಹೊತ್ತದ್ದರಿಂದ ಮಾತ್ರ ಅಲ್ಲ ಎಂದು ನನ್ನ ಅನುಮಾನ.

ನಕ್ಷೆಗೂ ನೆನಪಿಗೂ ಏನು ನಂಟು? ಅಪಸ್ಮಾರದ ಚಿಕಿತ್ಸೆಗಾಗಿ ಮಿದುಳಿನಲ್ಲಿ ತಂತಿ ಇಳಿಸಿಕೊಂಡಿದ್ದ ಕೆಲವರು ಕಂಪ್ಯೂಟರಿನೊಳಗಿನ ಊರೊಂದರಲ್ಲಿ ಅಂಗಡಿ ಅಂಗಡಿಗೆ ಸಾಮಾನು ತಲುಪಿಸುವ ಆಟ ಆಡಿದರು. ಆಮೇಲೆ ಯಾವ್ಯಾವ ಸಾಮಾನು ಎಂದಷ್ಟೇ ಕೇಳಲಾಯಿತು, ಎಲ್ಲಿ ಎಂದು ಕೇಳಲಿಲ್ಲ. ಸಾಮಾನಿನ ಹೆಸರು ನೆನಪಾಗುವ ಹೊತ್ತಿಗೆ, ಅದನ್ನು ತಲುಪಿಸಿದ ಜಾಗದ ಕೋಶಗಳೂ ಮತ್ತೆ ಮಿಡಿದವು. 2013ರಲ್ಲಿ ಪ್ರಕಟವಾದ ಈ ಪ್ರಯೋಗ ನನ್ನನ್ನು ಇವತ್ತಿಗೂ ಬಿಟ್ಟಿಲ್ಲ. ಮೆಟ್ಟಿಲ ಮೇಲೆ ಕೂತು ಅಪ್ಪ ಶೂ ಲೇಸು ಕಟ್ಟಿಕೊಡುತ್ತಿದ್ದದ್ದು ನೆನಪಾದರೆ, ಆ ಮೆಟ್ಟಿಲೂ ಜೊತೆಗೇ ಬರುತ್ತದೆ.

ಮನೆಯ ಹಂಬಲವನ್ನು ವೈದ್ಯರು ಹಿಂದೆ ನಿಜವಾದ ಕಾಯಿಲೆಯೆಂದೇ ನಂಬಿದ್ದರು. 1688ರಲ್ಲಿ ಯೊಹಾನೆಸ್ ಹೋಫರ್ ಎಂಬ ಯುವಕ ಸ್ವಿಟ್ಜರ್ಲೆಂಡಿನ ಬಾಸೆಲ್‌ನಲ್ಲಿ ತನ್ನ ವೈದ್ಯಕೀಯ ಪ್ರಬಂಧಕ್ಕಾಗಿ ಗ್ರೀಕಿನ 'ಮನೆಗೆ ಮರಳುವುದು' ಮತ್ತು 'ನೋವು' ಎಂಬೆರಡು ಪದ ಬೆಸೆದು 'ನಾಸ್ಟಾಲ್ಜಿಯಾ' ಎಂದು ಹೆಸರಿಟ್ಟ. ಸ್ವಿಸ್ ಜನರಿಗೇ ಇದು ಯಾಕೆ ಹೆಚ್ಚು ಎಂಬುದಕ್ಕೆ ಶಾಯ್ಕ್ಸರ್ ಎಂಬ ಪಂಡಿತ ಕೊಟ್ಟ ಕಾರಣ ಗಾಳಿಯ ಒತ್ತಡ: ಬೆಟ್ಟದವರು ಬಯಲಿಗಿಳಿದರೆ ಭಾರದ ಗಾಳಿ ಮೈಯನ್ನು ಅಮುಕುತ್ತದಂತೆ! ನಗಬೇಡಿ. 'ವೈಬ್ರೇಶನ್'ಗಿಂತ ಅದೇ ವಾಸಿ, ಗಾಳಿಯ ಒತ್ತಡವನ್ನು ಅಳೆಯಬಹುದಿತ್ತು.

ಮನೆ ಮಾರಿದರೆ ನೆನಪೂ ಹೋಗುತ್ತದೆಯೇ ಎಂಬ ಹೆದರಿಕೆಗೆ ಇ.ಪಿ. ಎಂಬ ರೋಗಿಯ ಕಥೆ ಹೇಳಬೇಕು. ವೈರಸ್ ಸೋಂಕಿನಿಂದ ಅವರ ಎರಡೂ ಬದಿಯ ಹಿಪೊಕ್ಯಾಂಪಸ್ ನಾಶವಾಗಿತ್ತು. ಆಮೇಲೆ ಹೋಗಿ ನೆಲೆಸಿದ ಬಡಾವಣೆಯ ಒಂದು ದಾರಿಯೂ ಅವರಿಗೆ ಹತ್ತಲಿಲ್ಲ. ಆದರೆ ಬೆಳೆದ, ಬಿಟ್ಟು 50 ವರ್ಷವಾಗಿದ್ದ ಊರಿನಲ್ಲಿ ಇಲ್ಲಿಂದ ಅಲ್ಲಿಗೆ ಹೇಗೆ ಹೋಗುವುದೆಂದು ಕೇಳಿದರೆ ತಡವರಿಸದೆ ಹೇಳುತ್ತಿದ್ದರು. 1999ರಲ್ಲಿ ಟೆಂಗ್ ಮತ್ತು ಸ್ಕ್ವೈರ್ ಎಂಬ ಸಂಶೋಧಕರು ಇದನ್ನು ಪ್ರಕಟಿಸಿದರು. ಬಹಳ ಹಳೆಯ ಜಾಗದ ನೆನಪು ಹಿಪೊಕ್ಯಾಂಪಸ್ ಇಲ್ಲದೆಯೂ ಬದುಕುತ್ತದೆ. ಮನೆ ಮಾರಿದಾಗ ಕಳೆದುಹೋಗುವುದು ಅದನ್ನು ತಟ್ಟಿ ಎಬ್ಬಿಸುವ ಸುಳಿವುಗಳು: ಕಿರುಗುಟ್ಟುವ ಬಾಗಿಲು, ಮಧ್ಯಾಹ್ನ ಮೂರರ ಬಿಸಿಲು ನೆಲದ ಮೇಲೆ ಬೀಳುವ ಜಾಗ.

ಹೊರಡುವ ಮುನ್ನ ಎಲ್ಲರೂ ಮಾಡುವುದು ಮೊಬೈಲಿನಲ್ಲಿ ನೂರಾರು ಫೋಟೋ. ಅಷ್ಟು ಸಾಲದು. ಮನೋವಿಜ್ಞಾನಿ ಲಿಂಡಾ ಹೆಂಕೆಲ್ 2014ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ಮ್ಯೂಸಿಯಮ್ಮಿಗೆ ಹೋದವರು ತಾವು ಫೋಟೋ ತೆಗೆದ ವಸ್ತುಗಳಿಗಿಂತ ಬರೀ ನೋಡಿದ ವಸ್ತುಗಳನ್ನೇ ಚೆನ್ನಾಗಿ ನೆನಪಿಟ್ಟಿದ್ದರು. ಒಂದು ಭಾಗವನ್ನಷ್ಟೇ ಹತ್ತಿರ ಎಳೆದು ತೆಗೆದಾಗ ಆ ನಷ್ಟ ಕಾಣಲಿಲ್ಲ. ಹಾಗಾಗಿ ಇಡೀ ಹಜಾರದ ಬದಲು ಆ ಚಿಲಕವನ್ನೊಂದೇ ತೆಗೆಯಿರಿ. ಅದಕ್ಕೂ ಮೊದಲು ಕೋಣೆ ಕೋಣೆಯಲ್ಲಿ ಸುಮ್ಮನೆ ಕೂತು ಬನ್ನಿ.

ಬೆಲೆಯ ಮಾತು ಬಂದಾಗ ಎಚ್ಚರ. 1990ರ ಪ್ರಸಿದ್ಧ ಪ್ರಯೋಗವೊಂದರಲ್ಲಿ ಆಗಷ್ಟೇ ಕೈಗೆ ಸಿಕ್ಕ ಕಾಫಿ ಮಗ್ಗಿಗೇ ಜನ ಕೊಳ್ಳುವವರು ಹೇಳಿದ್ದರ ಎರಡು ಪಟ್ಟಿಗೂ ಹೆಚ್ಚು ಕೇಳಿದ್ದರು. 35 ವರ್ಷದ ಮನೆಗೆ ಎಷ್ಟು ಪಟ್ಟು ಕೇಳಬೇಡ? ಕೊಳ್ಳುವವರು ಕಡಿಮೆ ಹೇಳಿದರೆ ಅದು ನಮ್ಮ ಬದುಕಿಗೆ ಕಟ್ಟಿದ ಬೆಲೆಯಲ್ಲ.

ಕಳೆದ ಭಾನುವಾರ ಅಮ್ಮನ ಕೈಗೆ ಕಾಗದ, ಪೆನ್ಸಿಲ್ ಕೊಟ್ಟು ಹಳೆ ಮನೆಯ ನಕ್ಷೆ ಬಿಡಿಸಮ್ಮ ಅಂದೆ. ಇಪ್ಪತ್ತು ನಿಮಿಷ ತಲೆ ಎತ್ತಲಿಲ್ಲ. ಅಡುಗೆಮನೆಗೆ ಮೂರು ಕಿಟಕಿ ಬಿಡಿಸಿದ್ದಳು. ಇದ್ದದ್ದು ಎರಡೇ ಎಂದು ನನ್ನ ವಾದ. "ನೀನು ಆ ಅಡುಗೆಮನೆಗೆ ಎಷ್ಟು ಸಲ ಕಾಲಿಟ್ಟಿದ್ದೀಯೋ?" ಅಂದಳು. ಹೋಗಿ ಎಣಿಸಿ ಬರುವ ಹಾಗಿಲ್ಲ, ಕೊಂಡವರು ಆ ಗೋಡೆ ಒಡೆಸಿದ್ದಾರೆ.