ತೂಕ ಇಳಿಸುವ ಮಾತ್ರೆ ಮೈಯೊಳಗೆ ಎಲ್ಲಿ ಕೆಲಸ ಮಾಡುತ್ತದೆ?

ಪ್ಲಸ್ ಟು ಮುಗಿಸಿ ನರ್ಸಿಂಗ್, ಫಾರ್ಮಸಿ ಕಡೆ ಹೊರಟಿರುವ ನಮ್ಮ ಕಾಸರಗೋಡಿನ ಕನ್ನಡ ಮಾಧ್ಯಮದ ಗೆಳೆಯರಿಗಾಗಿ ಈ ಟಿಪ್ಪಣಿ. ಅಡ್ಡಪರಿಣಾಮಗಳ ಪಟ್ಟಿ ಬಾಯಿಪಾಠ ಮಾಡಬೇಡಿ. ಯಾವ ಮಾತ್ರೆಯ ಹೆಸರು ಕೇಳಿದರೂ ‘ಇದು ಮೈಯ ಯಾವ ಜಾಗದಲ್ಲಿ ಕೆಲಸ ಮಾಡುತ್ತದೆ’ ಎಂದು ಮೊದಲು ಕೇಳಿಕೊಳ್ಳಿ. ಅದು ಗೊತ್ತಾದರೆ ಅಪಾಯ ಎಲ್ಲಿಂದ ಬರುತ್ತದೆ ಎಂಬುದೂ ಹೆಚ್ಚುಕಡಿಮೆ ಗೊತ್ತಾದ ಹಾಗೆಯೇ.

ಮೊದಲು ಕರುಳು. ‘ಸ್ಲಿಮ್ಮಿಂಗ್ ಟೀ’ ಎಂದು ಮಾರುವ ಹಲವು ಪೊಟ್ಟಣಗಳ ಹಿಂಬದಿಯ ಸಣ್ಣ ಅಕ್ಷರ ಓದಿದರೆ ಸೋನಾಮುಖಿ ಎಲೆ ಸಿಗುತ್ತದೆ. ಅದು ಭೇದಿ ಮಾಡಿಸುವ ಎಲೆ, ಕೆಲಸ ಮಾಡುವುದು ದೊಡ್ಡ ಕರುಳಿನಲ್ಲಿ. ಊಟದ ಪಿಷ್ಟ, ಕೊಬ್ಬು, ಪ್ರೋಟೀನು ರಕ್ತಕ್ಕೆ ಸೇರುವುದು ಅದಕ್ಕೂ ಮೊದಲೇ, ಸಣ್ಣ ಕರುಳಿನಲ್ಲಿ. ತಿಂದ ನೀರುದೋಸೆಯ ಕ್ಯಾಲರಿ ಹೆಚ್ಚುಕಡಿಮೆ ಎಲ್ಲವೂ ಒಳಗೆ ಸೇರಿಯಾಗಿದೆ. ಹೊರಗೆ ಹೋಗುವುದು ನೀರು, ಜೊತೆಗೆ ಪೊಟ್ಯಾಸಿಯಂ. ಬೆಳಿಗ್ಗೆ ತೂಕದ ಯಂತ್ರದಲ್ಲಿ ಕಡಿಮೆ ಕಂಡದ್ದು ನೀರು ಕುಡಿದ ಮೇಲೆ ವಾಪಸ್ ಬರುತ್ತದೆ. ಪೊಟ್ಯಾಸಿಯಂ ತೀರಾ ಇಳಿದರೆ ಕೈಕಾಲು ಸೋಲುತ್ತವೆ, ಹೃದಯದ ಬಡಿತ ತಾಳ ತಪ್ಪುತ್ತದೆ. ಮೂತ್ರ ಹೆಚ್ಚು ಮಾಡುವ ಮಾತ್ರೆ ನುಂಗುವವರಿಗೂ ಇದೇ ಲೆಕ್ಕ.

ಆರ್ಲಿಸ್ಟಾಟ್ ಎಂಬ ತೂಕ ಇಳಿಸುವ ಔಷಧ ಕೆಲಸ ಮಾಡುವುದೂ ಕರುಳಿನಲ್ಲೇ, ಆದರೆ ಬೇರೆ ರೀತಿ. ಕೊಬ್ಬನ್ನು ಒಡೆಯುವ ಲೈಪೇಸ್ ಕಿಣ್ವವನ್ನು ಅದು ತಡೆಯುತ್ತದೆ. ತಿಂದ ಕೊಬ್ಬಿನ ಸುಮಾರು ಮೂರನೇ ಒಂದು ಪಾಲು ಹಾಗೆಯೇ ಹೊರಗೆ. ಎಣ್ಣೆಯಂಥ ಮಲ, ತಡೆಯಲಾಗದ ಅವಸರ. ಬದಿಯಡ್ಕದಿಂದ ಕಾಸರಗೋಡಿಗೆ ಬಸ್ಸಿನಲ್ಲಿ ನಿಂತುಕೊಂಡು ಹೋಗುವ ವಿದ್ಯಾರ್ಥಿಯ ಪಾಡು ಊಹಿಸಿ. ಕೊಬ್ಬಿನಲ್ಲಿ ಕರಗುವ ಎ, ಡಿ, ಇ, ಕೆ ವಿಟಮಿನ್‌ಗಳೂ ಅದರ ಜೊತೆ ಸೋರಿಹೋಗುತ್ತವೆ. ಅಮೆರಿಕದಲ್ಲಿ 2003ರಿಂದ 12 ದಾಟಿದ ಮಕ್ಕಳಿಗೂ ಇದಕ್ಕೆ ಒಪ್ಪಿಗೆ ಇದೆ, ನಿಜ. ಅದು ಬೊಜ್ಜಿನ ಕಾಯಿಲೆ ಇದೆ ಎಂದು ಗೊತ್ತಾದವರಿಗೆ, ವೈದ್ಯರ ನಿಗಾದಲ್ಲಿ. ಅಕ್ಕನ ಮದುವೆಗೆ ಮುಂಚೆ ಸಣ್ಣಗಾಗಬೇಕು ಎನ್ನುವವರಿಗಲ್ಲ.

ಇನ್ನು ಮೆದುಳು. ಸಿಬುಟ್ರಮಿನ್ ಎಂಬ ಹಸಿವೆ ತಗ್ಗಿಸುವ ಔಷಧ ಮೆದುಳಿನಲ್ಲಿ ನಾರ್‌ಅಡ್ರಿನಲಿನ್, ಸೆರೊಟೋನಿನ್ ಎಂಬ ನರಗಳ ಸಂದೇಶವಾಹಕ ರಾಸಾಯನಿಕಗಳು ಹೆಚ್ಚು ಹೊತ್ತು ಉಳಿಯುವಂತೆ ಮಾಡಿ ಬೇಗ ಹೊಟ್ಟೆ ತುಂಬಿದಂತೆ ಅನ್ನಿಸುತ್ತಿತ್ತು. ಆದರೆ ನಾರ್‌ಅಡ್ರಿನಲಿನ್‌ಗೆ ಹಸಿವೆ ಮಾತ್ರ ಗೊತ್ತಿರುವುದಲ್ಲ. ನಾಡಿಬಡಿತ, ರಕ್ತದೊತ್ತಡವನ್ನೂ ಅದೇ ಏರಿಸುತ್ತದೆ. ಹೃದಯಾಘಾತ, ಪಾರ್ಶ್ವವಾಯು ಹೆಚ್ಚಾದದ್ದು ಪರೀಕ್ಷೆಯಲ್ಲಿ ಕಂಡ ಮೇಲೆ 2010ರಲ್ಲಿ ಯುರೋಪು, ಅಮೆರಿಕಗಳಲ್ಲಿ ಇದನ್ನು ಹಿಂತೆಗೆದುಕೊಂಡರು. ಭಾರತದಲ್ಲಿ 2011ರಲ್ಲಿ ನಿಷೇಧವಾಯಿತು.

ಕಥೆ ಅಲ್ಲಿಗೇ ನಿಲ್ಲಲಿಲ್ಲ. ‘ಪೂರ್ತಿ ಗಿಡಮೂಲಿಕೆ’ ಎಂದು ಬರೆದ ಕ್ಯಾಪ್ಸೂಲ್, ಕಾಫಿ ಪುಡಿಗಳಲ್ಲಿ ಇದೇ ಸಿಬುಟ್ರಮಿನ್ ಬಚ್ಚಿಟ್ಟುಕೊಂಡಿರುವುದನ್ನು ಅಮೆರಿಕದ ಔಷಧ ನಿಯಂತ್ರಕರು ಮತ್ತೆ ಮತ್ತೆ ಹಿಡಿದಿದ್ದಾರೆ. ಗಲ್ಫ್‌ನಿಂದ ಬರುವ ಪೆಟ್ಟಿಗೆಯಲ್ಲಿ ಸೆಂಟು, ಖರ್ಜೂರದ ನಡುವೆ ಇಂಥ ಡಬ್ಬಿ ಬಂದರೆ ಹೆದರಬೇಕಾದದ್ದು ಲೇಬಲ್ಲಿನಲ್ಲಿ ಇಲ್ಲದ್ದಕ್ಕೆ. ಇನ್ನೊಂದು ಮಾತು: ‘ಗಿಡಮೂಲಿಕೆ’ಯ ಟೀ ಕುಡಿದು ಮೊದಲ ವಾರವೇ ಹಸಿವೆ ಸತ್ತು, ಎದೆ ಡವಡವ ಎಂದು ನಿದ್ದೆ ಹೋದರೆ ಸಂಶಯಪಡಲೇಬೇಕು.

ನಮ್ಮ ಊರಿಗೆ ತೀರಾ ಹತ್ತಿರದ್ದು ಗಾರ್ಸಿನಿಯಾ. ಮೀನುಸಾರಿಗೆ ಹಾಕುವ ಕೊಡಂಪುಳಿಯೇ ಅದು. ಅದರಲ್ಲಿರುವ ಹೈಡ್ರಾಕ್ಸಿಸಿಟ್ರಿಕ್ ಆಮ್ಲವನ್ನು ಸಾರ ತೆಗೆದು ಕ್ಯಾಪ್ಸೂಲ್ ಮಾಡುತ್ತಾರೆ. ‘ಅಜ್ಜಿಯ ಕಾಲದಿಂದ ತಿಂದದ್ದಲ್ವಾ, ಏನಾಗ್ತದೆ?’ ಎಂಬ ಮಾತಿಗೆ ಉತ್ತರ ಪ್ರಮಾಣದಲ್ಲಿದೆ. ಸಾರಿಗೆ ಬೀಳುವುದು ಎರಡು ಮೂರು ಎಸಳು, ಅದೂ ಮನೆಮಂದಿಗೆಲ್ಲ. ಕ್ಯಾಪ್ಸೂಲಿನದ್ದು ಗಟ್ಟಿ ಸಾರ, ದಿನಾ, ತಿಂಗಳುಗಟ್ಟಲೆ, ಒಬ್ಬರಿಗೇ. ಯಕೃತ್ತಿಗೆ ಪೆಟ್ಟಾದ ಪ್ರಕರಣಗಳು ದಾಖಲಾಗಿವೆ. ಲಾಭವಾದರೂ ಇದೆಯೇ? 1998ರಲ್ಲಿ ಅಮೆರಿಕದ ವೈದ್ಯಕೀಯ ಪತ್ರಿಕೆ ಜಾಮಾದಲ್ಲಿ ಬಂದ ಪರೀಕ್ಷೆಯಲ್ಲಿ 135 ಜನರನ್ನು 12 ವಾರ ನೋಡಿದರು. ಹುಸಿಮಾತ್ರೆ ನುಂಗಿದವರಿಗಿಂತ ಹೆಚ್ಚೇನೂ ಇಳಿಯಲಿಲ್ಲ.

ಥೈರಾಯ್ಡ್ ಮಾತ್ರೆಯ ಬಗ್ಗೆ ಒಂದೇ ಸಾಲು: ಸಣ್ಣಗಾಗಲೆಂದು ಅಮ್ಮನ ಡಬ್ಬಿಯಿಂದ ಕದ್ದು ನುಂಗಿದರೆ ಎದೆಬಡಿತ ಕೆಡುತ್ತದೆ, ಸ್ನಾಯು ಕರಗುತ್ತದೆ.

ಹದಿಹರೆಯದವರಿಗೆ ಅಪಾಯ ಜಾಸ್ತಿ ಏಕೆ? ಮೂಳೆಗೆ ಸುಣ್ಣದಂಶ ಅತಿ ವೇಗವಾಗಿ ಸೇರುವ ಕಾಲ ಅದು. ಊಟ ತೀರಾ ಕಡಿಮೆಯಾದರೆ ಮೆದುಳು ಮೊದಲು ಖರ್ಚು ಕಡಿತ ಮಾಡುವುದು ಮುಟ್ಟಿನ ಹಾರ್ಮೋನುಗಳಲ್ಲಿ. ಮುಟ್ಟು ನಿಂತರೆ ಈಸ್ಟ್ರೋಜನ್ ಇಳಿಯಿತು, ಈಸ್ಟ್ರೋಜನ್ ಇಳಿದರೆ ಮೂಳೆ ತುಂಬುವುದೂ ನಿಧಾನವಾಯಿತು. ಈ ಸರಪಳಿ ಪರೀಕ್ಷೆಗೂ ಬೇಕಾದೀತು. ಇನ್ನೊಂದು, ದಪ್ಪ ಯಾರು ಎಂಬ ತೀರ್ಮಾನವೇ ತಪ್ಪಿರಬಹುದು: ಎತ್ತರಕ್ಕೆ ತಕ್ಕ ತೂಕ ಇದೆಯೇ ಎಂದು ನೋಡುವ ದೊಡ್ಡವರ ಬಿಎಂಐ ಲೆಕ್ಕ ಮಕ್ಕಳಿಗೆ ಹೊಂದುವುದಿಲ್ಲ. 5ರಿಂದ 18 ವರ್ಷದವರಿಗೆ ಭಾರತೀಯ ಮಕ್ಕಳ ವೈದ್ಯರ ಸಂಘದ 2015ರ ಬೆಳವಣಿಗೆ ಪಟ್ಟಿ ನೋಡಬೇಕು.

ಕಾನೂನು ಇಲ್ಲವೆಂದಲ್ಲ. 1954ರ ಔಷಧ ಮತ್ತು ಮಾಂತ್ರಿಕ ಪರಿಹಾರ ಕಾಯ್ದೆಯ ಪಟ್ಟಿಯಲ್ಲಿ ಬೊಜ್ಜೂ ಇದೆ. ಔಷಧದಿಂದ ಅದನ್ನು ಗುಣಪಡಿಸುತ್ತೇವೆಂದು ಜಾಹೀರಾತು ಕೊಡುವಂತಿಲ್ಲ. ರೀಲ್ಸ್ ನೋಡಿದರೆ ಹಾಗೆ ಅನ್ನಿಸುವುದಿಲ್ಲ, ಬಿಡಿ.

ಗೆಳತಿಯೊಬ್ಬಳು ಇಂಥದ್ದು ನುಂಗುತ್ತಿದ್ದಾಳೆಂದು ಗೊತ್ತಾದರೆ ಬೈಯಬೇಡಿ, ‘ದಪ್ಪ ಇಲ್ಲ ಮಾರಾಯ್ತಿ’ ಎಂಬ ವಾದಕ್ಕೂ ಇಳಿಯಬೇಡಿ. ಎದೆ ಹೊಡೆದುಕೊಳ್ಳುವುದು, ತಲೆ ತಿರುಗಿ ಬೀಳುವುದು, ಕಣ್ಣು ಹಳದಿಯಾಗುವುದು ಕಂಡರೆ ಅದೇ ದಿನ ಆಸ್ಪತ್ರೆಗೆ ಕರೆದುಕೊಂಡು ಹೋಗಿ. ಡಬ್ಬಿ, ಸ್ಟ್ರಿಪ್ ಜೊತೆಗಿರಲಿ. ರಕ್ತದಲ್ಲಿ ಏನು ಹುಡುಕಬೇಕೆಂದು ವೈದ್ಯರು ತೀರ್ಮಾನಿಸಲು ಅದು ಬೇಕು. ಮನೆಯಲ್ಲಿ ಹೇಳಲು ಹೆದರಿಕೆಯಾದರೆ ಕೇರಳ ಸರಕಾರದ ದಿಶಾ ಸಹಾಯವಾಣಿ 1056 ಇದೆ.