ಸ್ಯಾಂಪಲ್ ಕೊಟ್ಟ ಮೇಲೂ ಬೇಡ ಅಂದರು, ರೇಟು ಇಳಿಸಲೇ?

ಪ್ರಶ್ನೆ: ಚಿಕ್ಕಮಗಳೂರಿನಲ್ಲಿ ಸಣ್ಣ ಮಟ್ಟದಲ್ಲಿ ಕಾಫಿಪುಡಿ ಮಾಡುತ್ತೇವೆ. ಹೋಟೆಲುಗಳಿಗೆ ಸ್ಯಾಂಪಲ್ ಕೊಟ್ಟರೆ ‘ಸದ್ಯಕ್ಕೆ ಬೇಡ’ ಅನ್ನುತ್ತಾರೆ. ಕಿಲೋಗೆ 40 ರೂಪಾಯಿ ಇಳಿಸಿದರೆ ಒಪ್ಪಿಯಾರೇ?

ಇಳಿಸಬೇಡಿ. ಬೇಡ ಅಂದವರೆಲ್ಲ ರೇಟಿಗೇ ಹೆದರಿದರು ಅನ್ನುವ ನಂಬಿಕೆಯನ್ನು ಎಷ್ಟು ಸಲ ಕಿತ್ತರೂ ಕಳೆಯಂತೆ ಮತ್ತೆ ಚಿಗುರುತ್ತದೆ. ಲೆಕ್ಕ ಹಾಕಿ ನೋಡಿ. ಲೋಟಕ್ಕೆ 10 ಗ್ರಾಂ ಪುಡಿ ಹಿಡಿದರೆ ಕಿಲೋಗೆ 100 ಲೋಟ. ನೀವು ಬಿಟ್ಟುಕೊಡುವ 40 ರೂಪಾಯಿ ಹೋಟೆಲಿನವರಿಗೆ ಲೋಟಕ್ಕೆ 40 ಪೈಸೆ. ಅಷ್ಟಕ್ಕಾಗಿ, ದಿನಾ ಬರುವ ಗಿರಾಕಿಯಿಂದ ‘ಏನ್ರೀ, ಕಾಫಿ ಬದಲಾಯ್ತಾ?’ ಅನ್ನಿಸಿಕೊಳ್ಳಲು ಯಾವ ಮಾಲೀಕರೂ ತಯಾರಿರುವುದಿಲ್ಲ. ನಿಮಗಾದರೋ ಆ 40 ದೊಡ್ಡದು. ಹುರಿಯುವಾಗಲೇ ಬೀಜದ ತೂಕ ನೂರಕ್ಕೆ 15ರಿಂದ 20ರಷ್ಟು ಹೋಗಿರುತ್ತದೆ. ಅದರ ಮೇಲೆ ರೇಟನ್ನೂ ಇಳಿಸಿದವರು ಕೊನೆಗೆ ಕೈ ಹಾಕುವುದು ಚಿಕೋರಿ ಚೀಲಕ್ಕೆ, ಅಂದರೆ ಕಾಫಿಗೆ ಬೆರೆಸುವ ಹುರಿದ ಬೇರಿನ ಪುಡಿಗೆ. ಕಾಫಿ 70, ಚಿಕೋರಿ 30ರ ಸ್ಯಾಂಪಲ್ ತೋರಿಸಿ 60:40 ಕಳಿಸಿದರೆ ಡಿಕಾಕ್ಷನ್ ಕಪ್ಪಾಗುತ್ತದೆ, ಪರಿಮಳ ಇಳಿಯುತ್ತದೆ. ಪ್ರಮಾಣವನ್ನು ಪೊಟ್ಟಣದ ಮೇಲೆ ಬರೆದರೆ ನೂರಕ್ಕೆ 49ರವರೆಗೆ ಚಿಕೋರಿಗೆ ಕಾನೂನು ಒಪ್ಪುತ್ತದೆ, ಸರಿ. ನಾಲಿಗೆ ಒಪ್ಪಬೇಕಲ್ಲ?

ನಿಜವಾದ ಕಾರಣ ಬಹಳ ಸಲ ಒಲೆಯ ಹತ್ತಿರ ಇರುತ್ತದೆ. ಪುಡಿ ತೀರಾ ನುಣ್ಣಗಾದರೆ ಫಿಲ್ಟರ್ ಕಟ್ಟಿಕೊಂಡು ಡಿಕಾಕ್ಷನ್ ಇಳಿಯುವುದಿಲ್ಲ; ಬೆಳಗಿನ ತಿಂಡಿ ಗಲಾಟೆಯಲ್ಲಿ ಅದನ್ನು ಕಾಯಲು ಯಾರಿಗೆ ಪುರುಸೊತ್ತು? ತರಿಯಾದರೆ ನೀರು ನೀರು. ಇಲ್ಲವೇ ಹಳೆಯ ಪುಡಿಯವರು ತಿಂಗಳ ಉದ್ರಿ ಕೊಡುತ್ತಿರುತ್ತಾರೆ.

ಬೇಡ ಅಂದ ದಿನ ವಾದಕ್ಕಿಳಿಯದೆ ಎದ್ದು ಬನ್ನಿ. ಎರಡು ದಿನ ಬಿಟ್ಟು, ಮಧ್ಯಾಹ್ನ ಮೂರರ ಹೊತ್ತಿಗೆ ಹೋಗಿ. ಮಾಲೀಕರಿಗೆ ಹೇಳಿ, ಡಿಕಾಕ್ಷನ್ ಹಾಕುವವರನ್ನೇ ಕೇಳಿ: ಇಳಿಯೋದು ನಿಧಾನವಾಯ್ತಾ, ಹಾಲು ಬೆರೆಸಿದಾಗ ಬಣ್ಣ ಬರಲಿಲ್ವಾ? ಅವರು ಹೇಳಿದ ಒಂದನ್ನು ಮಾತ್ರ ಬದಲಿಸಿ ಅರ್ಧ ಕಿಲೋ ಕೊಡಿ. ಎರಡು ಬದಲಿಸಿದರೆ ಯಾವುದು ಹಿಡಿಸಿತೆಂದು ತಿಳಿಯುವುದಿಲ್ಲ. ಹುರಿದ ತಾರೀಕು ಮೇಲೆ ಬರೆದಿರಲಿ. ಆಗಲೂ ಬೇಡ ಅಂದರೆ ಬಿಟ್ಟುಬಿಡಿ. ರೊಬಸ್ಟಾ ಕಾಫಿಯ ಕೊಯ್ಲು ಮುಗಿದ ಮೇಲೆ ಒಮ್ಮೆ ಹೋಗಿ ಬಂದರಾಯಿತು.

ಅಂದಹಾಗೆ, ಬೇಡ ಅಂದವರಿಂದ ನಷ್ಟ ಒಂದು ಸ್ಯಾಂಪಲ್ ಅಷ್ಟೇ. ‘ಕಳಿಸಿ, ಕಳಿಸಿ’ ಅಂದು ದುಡ್ಡು ಕೊಡದವರ ಬಗ್ಗೆ ಮಾತ್ರ ಯಾರೂ ಕೇಳುವುದೇ ಇಲ್ಲ! ಉದ್ಯಮ್ (ಸಣ್ಣ ಉದ್ದಿಮೆಗಳಿಗೆ ಕೇಂದ್ರ ಸರ್ಕಾರದ) ನೋಂದಣಿ ಇರುವ ಸಣ್ಣ ತಯಾರಕರಿಗೆ 2006ರ ಸೂಕ್ಷ್ಮ, ಸಣ್ಣ, ಮಧ್ಯಮ ಉದ್ದಿಮೆಗಳ ಅಂದರೆ ಎಂಎಸ್‌ಎಂಇ ಕಾಯ್ದೆಯಂತೆ, ಲಿಖಿತ ಕರಾರಿದ್ದರೆ ಹೆಚ್ಚೆಂದರೆ 45 ದಿನ, ಇಲ್ಲದಿದ್ದರೆ 15 ದಿನದೊಳಗೆ ಹಣ ಬರಬೇಕು. ತಡವಾದರೆ ರಿಸರ್ವ್ ಬ್ಯಾಂಕ್ ಪ್ರಕಟಿಸುವ ‘ಬ್ಯಾಂಕ್ ದರ’ದ ಮೂರು ಪಟ್ಟು ಬಡ್ಡಿ. ನೋಂದಣಿಗೆ ಶುಲ್ಕವಿಲ್ಲ. ನೋಂದಣಿ ಸಂಖ್ಯೆಯನ್ನು ಮೊದಲ ಬಿಲ್ಲಿನಲ್ಲೇ ಅಚ್ಚು ಹಾಕಿಸಿ, ಸರಕು ಇಳಿಸಿದ ದಿನವೇ ತಾರೀಕಿನೊಂದಿಗೆ ಸಹಿ ತೆಗೆದುಕೊಳ್ಳಿ.