ಬೋರ್ಡ್ ಮಾಡುವವರು ‘ಓಪನ್ ಫೈಲ್ ಕೊಡಿ’ ಅಂದರೆ ಏನು ಕೊಡಬೇಕು?

ಪ್ರಶ್ನೆ: ನಮ್ಮದು ಸಣ್ಣ ಬೇಕರಿ. ಎರಡು ವರ್ಷದ ಹಿಂದೆ ಲೋಗೋ ಮಾಡಿಸಿದ್ದೆವು. ನನ್ನ ಹತ್ತಿರ ಇರುವುದು ವಾಟ್ಸ್ಆ್ಯಪ್‌ನಲ್ಲಿ ಬಂದ ಜೆಪಿಜಿ ಮಾತ್ರ. ಈಗ ಬೋರ್ಡ್ ಮಾಡಿಸಲು ಹೋದರೆ “ಇದು ಒಡೆದುಹೋಗುತ್ತೆ, ಓಪನ್ ಫೈಲ್ ಬೇಕು, ಸಿಡಿಆರ್ ಇಲ್ಲಾ ಪಿಡಿಎಫ್ ಕೊಡಿ” ಅಂತಾರೆ. ಜೆಪಿಜಿಯನ್ನು ಸಿಡಿಆರ್ ಮಾಡಬಹುದಾ? ಅದಕ್ಕೆ ಕೋರೆಲ್‌ಡ್ರಾ ಕೊಳ್ಳಬೇಕಾ, ಉಚಿತವಾಗಿ ಸಿಗುವ ಇಂಕ್‌ಸ್ಕೇಪ್ ಸಾಕಾ?

ಉತ್ತರ: ಇಂಕ್‌ಸ್ಕೇಪ್ ಸಾಕು. ಎರಡೂ ಚಿತ್ರ ಬರೆಯುವ ಸಾಫ್ಟ್‌ವೇರ್‌ಗಳೇ, ಸಿಡಿಆರ್ ಅನ್ನುವುದು ಕೋರೆಲ್‌ಡ್ರಾದ ಫೈಲ್. ಆದರೆ ನಿಮಗೆ ಕೊರತೆ ಆಗಿರುವುದು ಸಾಫ್ಟ್‌ವೇರ್ ಅಲ್ಲ, ಗೆರೆಗಳು. ಏನು ಹಾಗಂದರೆ, ನೋಡೋಣ.

ನಿಮ್ಮ ಜೆಪಿಜಿ 1600 ಪಿಕ್ಸೆಲ್ ಅಗಲ ಇದೆ ಅಂದುಕೊಳ್ಳಿ. ಪಿಕ್ಸೆಲ್ ಅಂದರೆ ಒಂದೇ ಬಣ್ಣದ ಒಂದು ಪುಟ್ಟ ಚೌಕ. ಮೂರೂವರೆ ಇಂಚಿನ ವಿಸಿಟಿಂಗ್ ಕಾರ್ಡಿಗೆ, ಇಂಚಿಗೆ 300ರಂತೆ 1050 ಪಿಕ್ಸೆಲ್ ಸಾಕು. ಹಾಗಾಗಿ ಕಾರ್ಡಿನಲ್ಲಿ ನಿಮ್ಮ ಲೋಗೋ ಚೆನ್ನಾಗಿಯೇ ಬಂದಿರುತ್ತದೆ. ಅದನ್ನೇ ಹತ್ತು ಅಡಿಯ ಬೋರ್ಡಿಗೆ ಎಳೆದರೆ ಇಂಚಿಗೆ ಬರೀ 13 ಪಿಕ್ಸೆಲ್ ಉಳಿಯುತ್ತದೆ. ಒಂದೊಂದು ಚೌಕವೂ ಸುಮಾರು ಎರಡು ಮಿಲಿಮೀಟರ್! ‘ಬೇಕರಿ’ಯ ‘ರಿ’ಯ ದುಂಡು ಮೆಟ್ಟಿಲು ಮೆಟ್ಟಿಲಾಗಿ ಕಾಣುತ್ತದೆ. ‘ಒಡೆಯುತ್ತೆ’ ಅನ್ನುವುದು ಇದನ್ನೇ.

ಬೋರ್ಡಿನವರು ‘ಓಪನ್ ಫೈಲ್’ ಅಂತ ಕೇಳುವುದು ವೆಕ್ಟರ್ ಫೈಲನ್ನು, ಅಂದರೆ ತಿದ್ದಲು ಬರುವ ಗೆರೆಗಳಿರುವ ಫೈಲನ್ನು. ಅದರಲ್ಲಿ ಚೌಕಗಳೇ ಇರುವುದಿಲ್ಲ. ಇಲ್ಲಿಂದ ಹೊರಡು, ಇಷ್ಟು ಬಾಗು, ಅಲ್ಲಿ ನಿಲ್ಲು ಅನ್ನುವ ಲೆಕ್ಕ ಮಾತ್ರ ಇರುತ್ತದೆ. ಈ ಬಾಗುವ ಗೆರೆಗೆ ಬೆಜಿಯೆ ಕರ್ವ್ ಅನ್ನುತ್ತಾರೆ. ಫ್ರಾನ್ಸಿನ ರೆನೋ ಕಾರು ಕಂಪನಿಯಲ್ಲಿ ಎಂಜಿನಿಯರ್ ಆಗಿದ್ದ ಪಿಯರ್ ಬೆಜಿಯೆ 1960ರ ದಶಕದಲ್ಲಿ ಕಾರಿನ ಮೈಯ ಬಳುಕು ಬರೆಯಲು ಇದನ್ನು ಬಳಸಿದರು. ಎರಡು ತುದಿಗೆ ಎರಡು ಬಿಂದು, ಬಾಗು ಎಷ್ಟು ಅಂತ ಹೇಳಲು ಇನ್ನೆರಡು. ಅಷ್ಟೇ. ದೊಡ್ಡದು ಮಾಡಿದಾಗ ಕಂಪ್ಯೂಟರ್ ಗೆರೆಯನ್ನು ಹೊಸದಾಗಿ ಎಳೆಯುತ್ತದೆ, ಅದಕ್ಕೇ ಒಡೆಯುವುದಿಲ್ಲ. ದುಂಡು ದುಂಡಾದ ನಮ್ಮ ಅಕ್ಷರಗಳಿಗಂತೂ ಇದು ಹೇಳಿ ಮಾಡಿಸಿದ ಹಾಗಿದೆ.

ರೇಡಿಯಂ ಕಟಿಂಗ್, ಅಂದರೆ ಸ್ಟಿಕ್ಕರ್ ಹಾಳೆಯಲ್ಲಿ ಅಕ್ಷರ ಕತ್ತರಿಸುವ ಕೆಲಸ ಮಾಡುವವರಿಗೆ ಇದು ಇನ್ನೂ ಮುಖ್ಯ. ಅಲ್ಲಿ ಒಂದು ಸಣ್ಣ ಬ್ಲೇಡ್ ಗೆರೆಯ ಮೇಲೇ ಓಡಬೇಕು. ಜೆಪಿಜಿಯಲ್ಲಿ ಗೆರೆಯೇ ಇಲ್ಲ, ಬ್ಲೇಡ್ ಎಲ್ಲಿಗೆ ಹೋಗಬೇಕು ಹೇಳಿ?

ಈಗ ನಿಮ್ಮ ಪ್ರಶ್ನೆಗೆ ಬರೋಣ. ಜೆಪಿಜಿಯನ್ನು ಕೋರೆಲ್‌ಡ್ರಾ ಒಳಗೆ ಹಾಕಿ ಸಿಡಿಆರ್ ಅಂತ ಸೇವ್ ಮಾಡಬಹುದು. ಇಂಟರ್ನೆಟ್‌ನಲ್ಲಿ ‘ಕನ್ವರ್ಟ್’ ಮಾಡಿಕೊಡುವ ಎಷ್ಟೋ ತಾಣಗಳು ಮಾಡುವುದೂ ಇಷ್ಟೇ. ಹೆಸರು ಬದಲಾಯಿತು, ಒಳಗಿರುವುದು ಅದೇ ಚೌಕಗಳು. ಲೋಗೋ ಮಾಡಿಕೊಟ್ಟವರು ಪಿಡಿಎಫ್ ಕಳಿಸಿದರೂ ಒಮ್ಮೆ ಪರೀಕ್ಷೆ ಮಾಡಿ. ತೆರೆದು 800 ಪರ್ಸೆಂಟ್‌ಗೆ ಹಿಗ್ಗಿಸಿ. ಅಕ್ಷರದ ಅಂಚು ಚೂಪಾಗಿಯೇ ಇದ್ದರೆ ಗೆರೆ ಇದೆ, ಮಸುಕಾದರೆ ಇಲ್ಲ. ಇಂಕ್‌ಸ್ಕೇಪ್‌ನಲ್ಲಿ ಔಟ್‌ಲೈನ್ ನೋಟಕ್ಕೆ ಹೋದರೆ ಇನ್ನೂ ಸ್ಪಷ್ಟ: ಅಕ್ಷರದ ಸುತ್ತ ತೆಳ್ಳನೆ ಗೆರೆಗಳು ಕಾಣಬೇಕು.

ಹಾಗಾದರೆ ಜೆಪಿಜಿಯಿಂದ ಗೆರೆ ತೆಗೆಯಲು ಆಗುವುದೇ ಇಲ್ವಾ? ಆಗುತ್ತದೆ. ಅದಕ್ಕೆ ಟ್ರೇಸ್ ಅನ್ನುತ್ತಾರೆ, ಇಂಕ್‌ಸ್ಕೇಪ್‌ನಲ್ಲಿ ‘ಟ್ರೇಸ್ ಬಿಟ್‌ಮ್ಯಾಪ್’ ಅಂತಲೇ ಇದೆ. ಆದರೆ ಜೆಪಿಜಿ ಚಿತ್ರವನ್ನು 8 ಪಿಕ್ಸೆಲ್ ಉದ್ದ, 8 ಪಿಕ್ಸೆಲ್ ಅಗಲದ ತುಂಡುಗಳಾಗಿ ಮಾಡಿ, ಕಣ್ಣಿಗೆ ಬೀಳದ ವಿವರವನ್ನು ಬಿಸಾಕಿ, ಫೈಲನ್ನು ಚಿಕ್ಕದು ಮಾಡುತ್ತದೆ. ಫೋಟೋದಲ್ಲಿ ಇದು ಗೊತ್ತೇ ಆಗುವುದಿಲ್ಲ. ಅಕ್ಷರದ ಅಂಚಿನಲ್ಲಿ ಮಾತ್ರ ಕೆಸರು ಮೆತ್ತಿದ ಹಾಗೆ ಕಲೆ ಉಳಿಯುತ್ತದೆ. ಟ್ರೇಸ್ ಆ ಕಲೆಗೂ ಗೆರೆ ಎಳೆದುಬಿಡುತ್ತದೆ. ಮೂಲೆಗಳು ಸವೆಯುತ್ತವೆ. ‘ಶ್ರೀ’ಯಂಥ ಅಕ್ಷರದಲ್ಲಿ ಒತ್ತಿನ ನಡುವಿನ ಸಣ್ಣ ಸಂದು ಮುಚ್ಚಿಹೋಗುತ್ತದೆ. ಹೂವು, ಎಲೆ, ಚಂದ್ರನಂಥ ಆಕಾರಕ್ಕೆ ಟ್ರೇಸ್ ಪರವಾಗಿಲ್ಲ. ಅಕ್ಷರಗಳನ್ನು ಮಾತ್ರ ದಯವಿಟ್ಟು ಹೊಸದಾಗಿ ಟೈಪ್ ಮಾಡಿ, ಇಲ್ಲಾ ಜೆಪಿಜಿಯನ್ನು ಕೆಳಗಿಟ್ಟು ಕೈಯಿಂದಲೇ ಗೆರೆ ಎಳೆಯಿರಿ. ಒಂದು ಸಂಜೆಯ ಕೆಲಸ, ಅಷ್ಟಕ್ಕೂ ಬೆಲೆ ಇದೆ.

ಸಾಫ್ಟ್‌ವೇರ್ ವಿಷಯ. ಇದೇ ಬಗೆಯ ಇನ್ನೊಂದು ಸಾಫ್ಟ್‌ವೇರ್ ಇಲಸ್ಟ್ರೇಟರ್ 1987ರಲ್ಲಿ ಬಂತು, ಕೋರೆಲ್‌ಡ್ರಾ 1989ರಲ್ಲಿ, ಇಂಕ್‌ಸ್ಕೇಪ್ 2003ರಲ್ಲಿ. ಇಲಸ್ಟ್ರೇಟರ್‌ಗೆ ಬಾಡಿಗೆ ಕಟ್ಟುತ್ತಲೇ ಇರಬೇಕು. ದಿನವೂ ಇದೇ ಕೆಲಸ ಮಾಡುವವರಿಗೆ ಅದು ಸರಿ, ಬೇಕರಿಗೆ ಬೇಡ. ನಮ್ಮ ಕಡೆಯ ಡಿಟಿಪಿ ಅಂಗಡಿಗಳಲ್ಲಿ ಕೋರೆಲ್‌ಡ್ರಾ ಬೇರು ಬಿಟ್ಟಿದೆ, ಅದಕ್ಕೇ ಎಲ್ಲರೂ ಸಿಡಿಆರ್ ಕೇಳುವುದು. ಆದರೆ ಹೊಸ ಕೋರೆಲ್‌ನ ಸಿಡಿಆರ್ ಹಳೆಯ ಕೋರೆಲ್‌ನಲ್ಲಿ ತೆರೆಯುವುದಿಲ್ಲ. ಪಿಡಿಎಫ್‌ಗೆ ಆ ತಕರಾರು ಕಡಿಮೆ. ಅದು 2008ರಿಂದ ಐಎಸ್‌ಒ ಅನ್ನುವ ಅಂತರರಾಷ್ಟ್ರೀಯ ಸಂಸ್ಥೆಯ ಮಾನದಂಡ, ಯಾವುದೇ ಒಂದು ಕಂಪನಿಯ ಸಾಫ್ಟ್‌ವೇರ್‌ಗೆ ಕಟ್ಟುಬಿದ್ದಿಲ್ಲ. ಇಂಕ್‌ಸ್ಕೇಪ್ ಸಿಡಿಆರ್ ಬರೆಯಲಾರದು. ತನ್ನ ಕೆಲಸವನ್ನು ಎಸ್‌ವಿಜಿ ಅನ್ನುವ ವೆಕ್ಟರ್ ಫೈಲಿನಲ್ಲಿ ಉಳಿಸುತ್ತದೆ, ಪಿಡಿಎಫ್ ಕೊಡುತ್ತದೆ. ನಿಮಗೆ ಅಷ್ಟು ಸಾಕು.

ಇಂಕ್‌ಸ್ಕೇಪ್‌ನ ಒಂದು ಕೊರತೆ ಹೇಳಲೇಬೇಕು. ಅದು ಪರದೆಯ ಬಣ್ಣದಲ್ಲಿ, ಅಂದರೆ ಆರ್‌ಜಿಬಿಯಲ್ಲಿ ಕೆಲಸ ಮಾಡುತ್ತದೆ. ಪ್ರೆಸ್ ನಾಲ್ಕು ಶಾಯಿಯ ಸಿಎಂವೈಕೆಯಲ್ಲಿ ಮಾಡುತ್ತದೆ. ಪರದೆಯಲ್ಲಿ ಹೊಳೆಯುವ ಹಸಿರು, ನೀಲಿ ಕಾಗದಕ್ಕೆ ಬಂದಾಗ ಮಂಕಾಗಬಹುದು. ಜಾಸ್ತಿ ಪ್ರತಿ ಮಾಡಿಸುವ ಮೊದಲು ಒಂದು ತುಂಡು ಪ್ರಿಂಟ್ ತೆಗೆಸಿ ನೋಡಿ.

ಇನ್ನು ಕನ್ನಡದ ವಿಷಯ. ಜಾಸ್ತಿ ಕೆಲಸ ಕೆಡುವುದು ಇಲ್ಲೇ. ಹಳೆಯ ನುಡಿ, ಬರಹ ಫಾಂಟುಗಳು ಯೂನಿಕೋಡ್ ಅಲ್ಲ, ಅಂದರೆ ಪ್ರತಿ ಭಾಷೆಯ ಅಕ್ಷರಕ್ಕೂ ತನ್ನದೇ ಸಂಖ್ಯೆ ಕೊಡುವ ಈಗಿನ ಪದ್ಧತಿಯವಲ್ಲ. ಅವು ಇಂಗ್ಲಿಷ್ ಅಕ್ಷರಗಳ ಜಾಗದಲ್ಲಿ ಕನ್ನಡವನ್ನು ಕೂರಿಸಿಕೊಂಡಿವೆ. ಆ ಫಾಂಟ್ ಇಲ್ಲದ ಕಂಪ್ಯೂಟರಿನಲ್ಲಿ ನುಡಿಯ ‘ನ’ ಇದ್ದ ಕಡೆ ಪೌಂಡಿನ ಚಿಹ್ನೆ ಕಾಣುತ್ತದೆ. ಯೂನಿಕೋಡ್‌ಗೆ ಬೇರೆ ಕಾಟ: ಹಳೆಯ ಸಾಫ್ಟ್‌ವೇರ್‌ಗೆ ಒತ್ತಕ್ಷರ ಕೂರಿಸಲು ಬರುವುದಿಲ್ಲ. ನಮ್ಮ ಮನೆಯ ಗೃಹಪ್ರವೇಶದ ಕಾರ್ಡಿಗೆ ಹೀಗೇ ಆಯಿತು. ‘ಆಹ್ವಾನ’ದ ವ-ಒತ್ತು ಕೆಳಗಿಳಿಯದೆ ‘ಆಹ್‌ವಾನ’ ಅಂತ ಅಚ್ಚಾಗಿ ಬಂತು. ಇನ್ನೂರು ಕಾರ್ಡು. ಅಮ್ಮ ಅದನ್ನು ಹಿಡಿದು ಸುಮ್ನೆ ನೋಡುತ್ತಾ ಕೂತಿದ್ದು ಇವತ್ತಿಗೂ ನೆನಪಿದೆ.

ತಪ್ಪಿಸುವ ದಾರಿ ಸುಲಭ. ಕಳಿಸುವ ಮೊದಲು ಅಕ್ಷರಗಳನ್ನು ‘ಕರ್ವ್’ ಮಾಡಿ. ಆಮೇಲೆ ಅವು ಅಕ್ಷರಗಳಲ್ಲ, ಬರೀ ಆಕಾರಗಳು. ಯಾವ ಫಾಂಟೂ ಬೇಕಿಲ್ಲ. ಕೋರೆಲ್‌ಡ್ರಾದಲ್ಲಿ ಕಂಟ್ರೋಲ್ ಮತ್ತು ಕ್ಯೂ, ಇಂಕ್‌ಸ್ಕೇಪ್‌ನಲ್ಲಿ ಕಂಟ್ರೋಲ್, ಶಿಫ್ಟ್ ಮತ್ತು ಸಿ. ಕರ್ವ್ ಮಾಡಿದ ಮೇಲೆ ಮಾತ್ರ ಕಾಗುಣಿತ ತಿದ್ದಲು ಆಗುವುದಿಲ್ಲ. ಅದಕ್ಕೇ ಎರಡು ಪ್ರತಿ ಇಟ್ಟುಕೊಳ್ಳಿ: ಟೈಪ್ ಮಾಡಿದ್ದು ಹಾಗೇ ಇರುವ ಎಸ್‌ವಿಜಿ ಒಂದು, ಕರ್ವ್ ಮಾಡಿದ ಪಿಡಿಎಫ್ ಒಂದು. ಇಂಕ್‌ಸ್ಕೇಪ್‌ನಲ್ಲಿ ಯೂನಿಕೋಡ್ ಕನ್ನಡ ಒತ್ತುಗಳ ಸಮೇತ ಸರಿಯಾಗಿ ಬರುತ್ತದೆ. ನೋಟೋ ಸಾನ್ಸ್ ಕನ್ನಡ, ಬಾಲೂ ತಮ್ಮ ಎರಡೂ ಉಚಿತ ಫಾಂಟುಗಳೇ. ಬೇಕರಿಯ ಬೋರ್ಡಿಗೆ ದಪ್ಪಗೆ, ದುಂಡಗೆ ಇರುವ ಬಾಲೂ ತಮ್ಮ ಚೆನ್ನಾಗಿ ಒಪ್ಪುತ್ತದೆ ಅಂತ ನನಗನ್ನಿಸುತ್ತದೆ.

ಉಳಿದ ಫಾರ್ಮ್ಯಾಟುಗಳಿಗೆ ಜಾಸ್ತಿ ತಲೆ ಕೆಡಿಸಿಕೊಳ್ಳಬೇಡಿ. ಕೇಕಿನ ಫೋಟೋಗೆ ಜೆಪಿಜಿ. ಹಿನ್ನೆಲೆ ಇಲ್ಲದ ಲೋಗೋ ಬೇಕಾದರೆ ಪಿಎನ್‌ಜಿ, ಅದರಲ್ಲಿ ಅಂಚು ಕೆಡುವುದಿಲ್ಲ. ಬೋರ್ಡು, ಸ್ಟಿಕ್ಕರ್, ಡಬ್ಬಿಯ ಮೇಲಿನ ಅಚ್ಚಿಗೆ ಪಿಡಿಎಫ್.

ಮೊದಲ ಕೆಲಸ, ಎರಡು ವರ್ಷದ ಹಿಂದೆ ಲೋಗೋ ಮಾಡಿಕೊಟ್ಟವರಿಗೆ ಇವತ್ತೇ ಫೋನ್ ಮಾಡಿ. “ಓಪನ್ ಫೈಲ್ ಇದೆಯಾ ಸರ್, ಕರ್ವ್ ಮಾಡಿದ್ದೂ ಕರ್ವ್ ಮಾಡದ್ದೂ ಎರಡೂ ಬೇಕಿತ್ತು” ಅಂತ ಕೇಳಿ. ಹುಡುಕಿದರೆ ಸಿಕ್ಕರೂ ಸಿಗಬಹುದು. ವಾಟ್ಸ್ಆ್ಯಪ್‌ನಲ್ಲಿ ಕಳಿಸುವುದಾದರೆ ಫೋಟೋ ಆಗಿ ಬೇಡ, ಡಾಕ್ಯುಮೆಂಟ್ ಆಗಿ ಕಳಿಸಲು ಹೇಳಿ. ನೀವು ಬೋರ್ಡಿನವರಿಗೆ ಪಿಡಿಎಫ್ ಕಳಿಸುವಾಗ ಜೊತೆಗೊಂದು ಪಿಎನ್‌ಜಿಯನ್ನೂ ಕಳಿಸಿ, ಅವರ ಪರದೆಯಲ್ಲಿ ಹೀಗೇ ಕಾಣಬೇಕು ಅಂತ. ಆಮೇಲೆ ಅಂಗಡಿಗೇ ಹೋಗಿ, ಅವರ ಪಕ್ಕದಲ್ಲಿ ನಿಂತು, ಒಂದೊಂದು ಒತ್ತನ್ನೂ ನೋಡಿ ‘ಸರಿ’ ಅನ್ನಿ.